ಜ್ಞಾನಸ್ನಾನದ ಪುಸ್ತಕ ಮತ್ತು ಕನಕ

ಸೇಂಟ್ ಲೂಸಿಯಾ ಎಂಬ ದ್ವೀಪ ಎಲ್ಲಿದೆ ಎಂದು ಕೇಳಿದರೆ ಪರ್ತ್‌ನ ಕನ್ನಡಿಗರಲ್ಲಿ ಹೆಚ್ಚಿನವರು ಜೇಬಿನಿಂದ ಫೋನು ತೆಗೆಯುತ್ತಾರೆ. ಕ್ರಿಕೆಟ್ಟಿನ ಹುಚ್ಚಿರುವ ಕೆಲವರು ವೆಸ್ಟ್ ಇಂಡೀಸ್ ಕಡೆ ಎಂದು ಗಾಳಿಯಲ್ಲಿ ಕೈ ಆಡಿಸುತ್ತಾರೆ. ನನ್ನ ಸ್ನೇಹಿತೆ ಕನಕ ಮಾತ್ರ ಆ ದ್ವೀಪದ ಕ್ಯಾಥೊಲಿಕ್ ಮಹಾಧರ್ಮಪ್ರಾಂತ್ಯದ ಚರಿತ್ರೆಯನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾಳೆ. ಯಾವ ಊರಿನ ಇಗರ್ಜಿಯನ್ನು ಯಾವ ಫ್ರೆಂಚ್ ಪಾದ್ರಿ ಕಟ್ಟಿಸಿದ, ಯಾವುದರ ಗಂಟೆ ಬಿರುಗಾಳಿಗೆ ಬಿತ್ತು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿದೆ. ಅವಳು ಆ ದ್ವೀಪವನ್ನು ಕಣ್ಣಿಂದ ಕಂಡವಳಲ್ಲ. ಕ್ರೈಸ್ತಳೂ ಅಲ್ಲ. ಮೈಸೂರಿನ ಲಷ್ಕರ್ ಮೊಹಲ್ಲಾದವಳು, ಶನಿವಾರ ಒಪ್ಪೊತ್ತು ಮಾಡುವವಳು.

ಪರ್ತ್‌ನ ಥಾರ್ನ್ಲಿ ಬಡಾವಣೆಯ ಒಂದು ಚರ್ಚಿನ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತೆಯಾಗಿದ್ದು ಕಳೆದ ವರ್ಷ ನಿವೃತ್ತಳಾದಳು. ನಮ್ಮ ಕನ್ನಡ ಸಂಘದಲ್ಲಿ ಗಣಿ ಕಂಪನಿಯಲ್ಲಿ ದೊಡ್ಡ ಹುದ್ದೆಗೇರಿದವರಿಗೆ, ಐದು ಬೆಡ್‌ರೂಮಿನ ಮನೆ ಕಟ್ಟಿಸಿದವರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತಾರೆ. ಕನಕಳಿಗೆ ಯಾರೂ ಏನೂ ಹೊದಿಸಲಿಲ್ಲ. ಅದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಕನಕ ಮತಾಂತರವಾಗಿದ್ದಾಳಂತೆ ಎಂಬ ಸುದ್ದಿಯನ್ನು ಒಂದು ಯುಗಾದಿಯ ಊಟದ ಸಾಲಿನಲ್ಲಿ ಬಾಯಿಂದ ಬಾಯಿಗೆ ದಾಟಿಸಿದವರಲ್ಲಿ ಇಂದುಮತಿ ಎಂಬ ನಾನೂ ಒಬ್ಬಳು. ಆಗ ನನಗೆ ಅವಳ ಪರಿಚಯವೇ ಇರಲಿಲ್ಲ, ನಾಲಿಗೆಯ ಚಪಲ ಮಾತ್ರ ಇತ್ತು.

ಅವಳ ಅಪ್ಪ ಬಾಲಕೃಷ್ಣಯ್ಯ ಮೈಸೂರಿನಲ್ಲಿ ಪುಸ್ತಕ ಬೈಂಡು ಮಾಡುತ್ತಿದ್ದರು. ಶಾಲೆಯ ಹಾಜರಿ ಪುಸ್ತಕ, ವಕೀಲರ ಡೈರಿ, ಆಸ್ಪತ್ರೆಯ ದಪ್ಪ ದಪ್ಪ ರಿಜಿಸ್ಟರು, ಎಲ್ಲ ಅವರ ಅಂಗಡಿಯಲ್ಲೇ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದವು. ಹೊಲಿದು, ಅಂಟು ಹಚ್ಚಿ, ಅಂಚು ಕತ್ತರಿಸಿದ ಮೇಲೆ ಗಿರಾಕಿಯ ಕೈಗೆ ಕೊಡುವ ಮುನ್ನ ಮೊದಲ ಪುಟದ ನಾಲ್ಕೂ ಮೂಲೆಗೆ ಅರಿಸಿನ ಕುಂಕುಮ ಹಚ್ಚಬೇಕು. ಅದು ಅಂಗಡಿಯ ಪದ್ಧತಿ. ಹಚ್ಚುವ ಕೆಲಸ ಪುಟ್ಟ ಕನಕಳದು. ಯಾವ ಗಿರಾಕಿಯೂ ಬೇಡ ಎಂದದ್ದಿಲ್ಲ. ಬರೆಯದ ಪುಸ್ತಕ ಹೊಸ ಮಗುವಿದ್ದ ಹಾಗೆ, ಬರಿಗೈಯಲ್ಲಿ ಕಳಿಸಬಾರದು ಎನ್ನುತ್ತಿದ್ದರಂತೆ ಅಪ್ಪ. ಅಂಟಿನ ವಾಸನೆ, ಪಕ್ಕದ ಬೀದಿಯಿಂದ ಕೇಳುವ ಇಗರ್ಜಿಯ ಗಂಟೆ, ಬೆರಳ ತುದಿಯಲ್ಲಿ ಸಂಜೆಯವರೆಗೂ ಹೋಗದ ಹಳದಿ, ಇವುಗಳ ಮಾತು ಬಂದರೆ ಕನಕಳಿಗೆ ಇವತ್ತಿಗೂ ಕಣ್ಣು ತುಂಬುತ್ತದೆ.

ಗಂಡ ತಿಪ್ಪೇಸ್ವಾಮಿ ಚಿತ್ರದುರ್ಗದ ಕಡೆಯ ಭೂವಿಜ್ಞಾನಿ. ಎರಡು ಸಾವಿರದ ಒಂದರಲ್ಲಿ ಪರ್ತ್‌ಗೆ ಬಂದರು. ಅವರಿಗೆ ಎರಡು ವಾರ ಉತ್ತರದ ಗಣಿಯಲ್ಲಿ ಕೆಲಸ, ಒಂದು ವಾರ ಮನೆಯಲ್ಲಿ ರಜೆ. ಮಗಳು ನಿವೇದಿತಾ ಶಾಲೆಗೆ ಹೋದ ಮೇಲೆ ಕನಕ ಗೋಡೆಯ ಜೊತೆ ಮಾತಾಡಬೇಕು. ಹೀಗಿರುವಾಗ ಒಂದು ದಿನ ಥಾರ್ನ್ಲಿಯ ಶಾಪಿಂಗ್ ಸೆಂಟರಿನ ಬೋರ್ಡಿನ ಮೇಲೆ ಒಂದು ಚೀಟಿ ಕಂಡಳು. ಚರ್ಚಿನ ಆಫೀಸಿಗೆ ಅರೆಕಾಲಿಕ ಗುಮಾಸ್ತೆ ಬೇಕು, ಕೈಬರಹ ಚೆನ್ನಾಗಿರಬೇಕು ಎಂದಿತ್ತು. ಟೈಪಿಂಗ್ ಗೊತ್ತಿರಬೇಕು ಅಂತ ಹಾಕೋ ಕಾಲದಲ್ಲಿ ಕೈಬರಹ ಕೇಳ್ತಾರಲ್ಲ ಅಂತ ಹೋಗ್ಬಿಟ್ಟೆ ಕಣೇ, ಎಂದಳು ನನಗೆ.

ಸಂದರ್ಶನ ಮಾಡಿದವರು ಆ ಚರ್ಚಿನ ಗುರುಗಳು, ಫಾದರ್ ಸೆರಾಫಿನ್. ಸೇಂಟ್ ಲೂಸಿಯಾದವರು. ಎಂಬತ್ತರ ದಶಕದಲ್ಲಿ ಒಂದು ವರ್ಷಕ್ಕೆಂದು ಪರ್ತ್‌ಗೆ ಬಂದು, ಬೇಸಿಗೆಯ ಕ್ರಿಕೆಟ್ ನೋಡಿ ಇಲ್ಲೇ ಉಳಿದುಬಿಟ್ಟೆ ಎಂದು ತಮಾಷೆ ಮಾಡುತ್ತಿದ್ದವರು. ಅವರು ಕೇಳಿದ್ದು ಒಂದೇ. ಒಂದು ಉದ್ದನೆಯ ಶ್ರೀಲಂಕಾದ ಹೆಸರನ್ನು ಗಡಗಡ ಹೇಳಿ, ಬರಿ ಎಂದರು. ಕನಕ ಮತ್ತೆ ಹೇಳಿ ಎಂದಳು. ಅವರು ಹೇಳಿದರು. ಒಂದೊಂದೇ ಅಕ್ಷರ ಹೇಳಿ ಎಂದಳು. ಅದನ್ನೂ ಹೇಳಿದರು. ಬರೆದದ್ದನ್ನು ಓದಿ ತೋರಿಸಿ, ಸರಿ ತಾನೇ ಎಂದು ಮೂರನೇ ಸಲ ಕೇಳಿದಳು. ಸೋಮವಾರದಿಂದ ಬಾ ಎಂದರು.

"ಫಾದರ್, ನಾನು ಕ್ರಿಶ್ಚಿಯನ್ ಅಲ್ಲ," ಎಂದಳು.

"ನಿಂಗಿಂತ ಮೊದಲು ಬಂದ ಮೂರು ಜನಾನೂ ಕ್ರಿಶ್ಚಿಯನ್ನರೇ. ಒಬ್ಬರೂ ತಿರುಗಿ ಕೇಳ್ಲಿಲ್ಲ," ಎಂದರು. ಅವರು ಆಡಿದ ಇಂಗ್ಲಿಷ್ ಮಾತುಗಳನ್ನು ಕನಕ ನನಗೆ ಹೇಳಿದ್ದು ಹೀಗೆ, ನಮ್ಮ ಮಾತಿನಲ್ಲೇ.

ಮೂರು ಸಲ ಕೇಳುವುದರ ಹಿಂದೆ ಅವರದೊಂದು ದೊಡ್ಡ ನೋವಿತ್ತು. ಅದು ಅವಳಿಗೆ ತಿಳಿದದ್ದು ಮಂಗಳವಾರದ ಮಧ್ಯಾಹ್ನಗಳಲ್ಲಿ. ಫಾದರ್ ತಮ್ಮ ದ್ವೀಪದ ಮಹಾಧರ್ಮಪ್ರಾಂತ್ಯದ ಚರಿತ್ರೆ ಬರೆಯುತ್ತಿದ್ದರು. ಹಳೆಯ ಪ್ರಾರ್ಥನಾ ಕರಪತ್ರಗಳ ಬೆನ್ನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ತರುವುದು, ಕನಕ ಟೈಪು ಮಾಡುವುದು. ಹನ್ನೊಂದು ವರ್ಷ ಇದು ನಡೆಯಿತು. ಟೈಪಿಗಿಂತ ಮಾತೇ ಹೆಚ್ಚು. ಕನಕ ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ಒಯ್ಯುತ್ತಿದ್ದಳು, ಅವರು ತಮ್ಮೂರ ಕೋಕೋ ಚಹಾದ ರುಚಿ ಇದಕ್ಕಿಲ್ಲ ಎಂದು ಗೊಣಗುತ್ತಲೇ ಎರಡು ಲೋಟ ಕುಡಿಯುತ್ತಿದ್ದರು.

ಆ ದ್ವೀಪಕ್ಕಾಗಿ ಫ್ರೆಂಚರೂ ಇಂಗ್ಲಿಷರೂ ಹೊಡೆದಾಡಿ ಹದಿನಾಲ್ಕು ಸಲ ಕೈ ಬದಲಾಯಿತು. ಕೊನೆಗೆ ಬಾವುಟ ಇಂಗ್ಲಿಷರದಾಯಿತು, ಜನರ ಮಾತು ಫ್ರೆಂಚಿನಿಂದ ಹುಟ್ಟಿದ ಕ್ರಿಯೋಲ್ ಆಗಿಯೇ ಉಳಿಯಿತು, ಪೂಜೆ ರೋಮಿನದೇ ಆಗಿ ಉಳಿಯಿತು. ಬಹಳ ಕಾಲ ಅಲ್ಲಿನ ಚರ್ಚುಗಳು ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ನ ಆರ್ಚ್‌ಬಿಷಪ್ಪರ ಕೈಕೆಳಗಿದ್ದವು. ಸಾವಿರದ ಒಂಬೈನೂರ ಐವತ್ತಾರರಲ್ಲಿ ರಾಜಧಾನಿ ಕಾಸ್ಟ್ರೀಸ್‌ಗೆ ತನ್ನದೇ ಬಿಷಪ್ ಬಂದರು. ಎಪ್ಪತ್ತನಾಲ್ಕರಲ್ಲಿ ಅದು ಮಹಾಧರ್ಮಪ್ರಾಂತ್ಯ, ಅಂದರೆ ಆರ್ಚ್‌ಡಯಾಸಿಸ್ ಆಯಿತು. ಸುತ್ತಲಿನ ದ್ವೀಪಗಳ ನಾಲ್ಕು ಧರ್ಮಪ್ರಾಂತ್ಯಗಳು ಅದರ ಜೊತೆಗೆ ಸೇರಿದವು.

ಇದೆಲ್ಲ ನನ್ನ ತಲೆಗೆ ಹೋಗದೆ ಒಮ್ಮೆ ಕೇಳಿದೆ. ಕನಕ ಅಡಿಗೆಮನೆಯ ಕಟ್ಟೆಯ ಮೇಲೆ ಉದ್ದಿನ ಬೇಳೆ ಹರಡಿ ಪಾಠ ಮಾಡಿದಳು.

"ಪ್ಯಾರಿಷ್ ಅಂದ್ರೆ ಹೋಬಳಿ ಅಂದ್ಕೋ. ಒಬ್ರು ಫಾದರ್ ನೋಡ್ಕೋತಾರೆ. ಹೋಬಳಿಗಳೆಲ್ಲ ಸೇರಿದ್ರೆ ಡಯಾಸಿಸ್, ಅದು ಜಿಲ್ಲೆ. ಅದಕ್ಕೆ ಬಿಷಪ್. ಅಕ್ಕಪಕ್ಕದ ಜಿಲ್ಲೆಗಳಿಗೆಲ್ಲ ಒಂದು ಹಿರೀ ಜಿಲ್ಲೆ ಇರತ್ತೆ, ಅದೇ ಆರ್ಚ್‌ಡಯಾಸಿಸ್."

"ಹಾಗಾದ್ರೆ ಆರ್ಚ್‌ಬಿಷಪ್ಪು ಡಿವಿಷನಲ್ ಕಮಿಷನರ್ ಇದ್ದಂಗೆ."

"ಹೂಂ, ಆದ್ರೆ ಕಮಿಷನರ್ ತರ ಎಲ್ಲಾ ಜಿಲ್ಲೆಗೂ ಮೂಗು ತೂರಿಸೋ ಹಾಗಿಲ್ಲ. ಅವರವರ ಜಿಲ್ಲೆ ಅವರವರದ್ದು. ಇವರು ಹಿರಿಯಣ್ಣ, ಅಷ್ಟೆ."

ಬೇಳೆಯನ್ನು ಒಟ್ಟುಮಾಡಿ ಡಬ್ಬಿಗೆ ತುಂಬುತ್ತ, ಅಲ್ಲಿನ ಹೂವಿನ ಸಂಘಗಳ ಕತೆ ಹೇಳಿದಳು. ಗುಲಾಬಿ ಸಂಘ, ಮಾರ್ಗರೀಟ್ ಸಂಘ ಎಂದು ಎರಡು ಪಂಗಡಗಳಿವೆಯಂತೆ. ವರ್ಷಕ್ಕೊಮ್ಮೆ ಒಂದೊಂದರ ಹಬ್ಬ. ಮೀನುಗಾರ ರಾಜನಾಗುತ್ತಾನೆ, ಬಟ್ಟೆ ಒಗೆಯುವವಳು ರಾಣಿಯಾಗುತ್ತಾಳೆ, ಪೂಜೆ ಮುಗಿಸಿ ಬೀದಿಯಲ್ಲಿ ಹಾಡುತ್ತ ಹೋಗುತ್ತಾರೆ. ಫಾದರ್‌ರ ತಾಯಿ ಗುಲಾಬಿ ಸಂಘದ ಮುಖ್ಯ ಹಾಡುಗಾರ್ತಿ. ಆ ಹಾಡುಗಳನ್ನು ಅವರು ಮೇಜು ಕುಟ್ಟಿ ಹೇಳುತ್ತಿದ್ದರೆ ಕನಕ ಅರ್ಥವಾಗದಿದ್ದರೂ ಕೇಳುತ್ತ ಕೂರುತ್ತಿದ್ದಳು. ಇಬ್ಬರೂ ಬಿಟ್ಟುಬಂದ ಊರುಗಳ ಕಡೆ ಮುಖ ಮಾಡಿ ಕೂತವರು. ಒಬ್ಬರ ಊರು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದದ್ದೇ ಚೆನ್ನಾಗಿತ್ತು, ಎಷ್ಟು ಬೇಕಾದರೂ ಹೇಳಬಹುದಿತ್ತು.

ನಾಲ್ಕುನೂರು ಪುಟ ದಾಟಿದ ಆ ಚರಿತ್ರೆಯಲ್ಲಿ ಒಂದು ಅಧ್ಯಾಯ ಮಾತ್ರ ಒಂದೂವರೆ ಪುಟಕ್ಕೇ ನಿಂತಿತು. ಅದು ಭಾರತದಿಂದ ಹೋದವರದು. ಸಾವಿರದ ಎಂಟುನೂರ ಐವತ್ತೊಂಬತ್ತರಿಂದ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹಡಗುಗಳಲ್ಲಿ ನಮ್ಮ ಜನ ಹೋದರು. ಫಾದರ್‌ರ ಮುತ್ತಜ್ಜಿ ಅವರಲ್ಲೊಬ್ಬಳು. ಚರ್ಚಿಗೆ ಸೇರಿಸಿಕೊಳ್ಳುವಾಗ ತಲೆಗೆ ನೀರು ಹಾಕಿ ಹೆಸರು ಬರೆದಿಡುವ, ಡೆನರಿ ಎಂಬ ಊರಿನ ಜ್ಞಾನಸ್ನಾನದ ಪುಸ್ತಕದಲ್ಲಿ ಅವಳ ಬಗ್ಗೆ ಇದ್ದದ್ದು ಎರಡೇ ಪದ: ಮರಿ, ಇಂಡಿಯನ್. ಮರಿ ಎಂದರೆ ಫ್ರೆಂಚಿನ ಮೇರಿ, ಅಲ್ಲಿ ಇಟ್ಟ ಹೆಸರು. ಹಿಂದಿನ ಹೆಸರಿಲ್ಲ, ಊರಿಲ್ಲ, ಅಪ್ಪನ ಹೆಸರಿಲ್ಲ. ಫಾದರ್ ಯೌವನದಲ್ಲಿ ಆ ಪುಟದ ಮುಂದೆ ಒಂದಿಡೀ ದಿನ ಕೂತಿದ್ದರಂತೆ.

"ಒಬ್ಬ ಗುಮಾಸ್ತ ಒಂದು ಪ್ರಶ್ನೆ ಕೇಳಿದ್ರೆ ಸಾಕಿತ್ತು. ಆ ಮನುಷ್ಯನ ಮೇಲೆ ನಂಗೆ ಇನ್ನೂ ಸಿಟ್ಟಿದೆ," ಎಂದರು ಕನಕಳಿಗೆ.

ಹಾಗಾಗಿ ಥಾರ್ನ್ಲಿಯಲ್ಲಿ ಅವರದೊಂದು ಕಟ್ಟುನಿಟ್ಟು. ಮಗುವಿನ ಹೆಸರನ್ನು ತಾಯಿಯ ಹತ್ತಿರ ಮೂರು ಸಲ ಕೇಳಬೇಕು. ಆಕೆಯಿಂದಲೇ ಒಂದು ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಬರೆಸಬೇಕು. ಆಕೆ ಒಪ್ಪಿದ ಮೇಲೆ ಪುಸ್ತಕದಲ್ಲಿ ಶಾಯಿ. ಆ ಪುಸ್ತಕದೊಳಗೆ ಯಾರನ್ನೂ ಕೇಳದೆ ಒಂದು ಚುಕ್ಕೆಯನ್ನೂ ಇಡಬಾರದು.

ಎರಡು ಸಾವಿರದ ಆರರಲ್ಲಿ ಹಳೆಯ ಪುಸ್ತಕ ತುಂಬಿತು. ಹೊಸದು ಬಂತು, ಕಪ್ಪು ರಟ್ಟು, ದಪ್ಪ ಹಾಳೆ, ಪುಟಕ್ಕೆ ಆರು ಹೆಸರು. ಫಾದರ್ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಹೋಗಿದ್ದರು. ಕನಕ ಮೊದಲ ಪುಟ ತೆರೆದಳು. ಅಂಟಿನ ವಾಸನೆ ಮೂಗಿಗೆ ಬಡಿಯಿತು. ಆ ಹಿಂದಿನ ವಾರವಷ್ಟೇ ಮೈಸೂರಿನಲ್ಲಿ ಅಪ್ಪ ತೀರಿಕೊಂಡಿದ್ದರು. ಟಿಕೆಟ್ ಸಿಗದೆ, ಇವಳು ಹೋಗುವಷ್ಟರಲ್ಲಿ ಎಲ್ಲ ಮುಗಿಯುತ್ತದೆ ಎಂದು ಅಣ್ಣ ಹೇಳಿದ್ದರಿಂದ ಹೋಗಿರಲಿಲ್ಲ. ಬ್ಯಾಗಿನಲ್ಲಿ ಕುಂಕುಮದ ಭರಣಿ ಯಾವಾಗಲೂ ಇರುತ್ತಿತ್ತು, ಅರಿಸಿನದ ಪೊಟ್ಟಣವೂ ಇತ್ತು. ನೀರಿನಲ್ಲಿ ಬೆರಳು ಅದ್ದಿ ನಾಲ್ಕು ಮೂಲೆಗೂ ಹಚ್ಚಿಬಿಟ್ಟಳು. ಅದರ ಎದುರಿಗೆ ಅದೇ ದಿನ ಬಂದಿದ್ದ ಸಾವಿನ ಹೊಸ ಪುಸ್ತಕವೂ ಇತ್ತು. ಅದಕ್ಕೆ ಹಚ್ಚಲಿಲ್ಲ, ಅಶುಭವೆಂದು.

ಆಮೇಲೆ ಪುಸ್ತಕ ಮುಚ್ಚಿದಳು. ಫಾದರ್‌ಗೆ ಹೇಳಬೇಕೆಂದು ಒಂದು ವಾರ ಅಂದುಕೊಂಡಳು. ಎರಡನೇ ವಾರ ನಾಲಿಗೆ ಏಳಲಿಲ್ಲ. ಫಾದರ್‌ಗೆ ಆಗಲೇ ಕಣ್ಣಿನ ಪೊರೆ, ಹಾಳೆಯ ಮೂಲೆಗಳು ಅವರಿಗೆ ಕಾಣುತ್ತಿರಲಿಲ್ಲ. ಹಾಗೇ ವರ್ಷಗಳು ಉರುಳಿದವು.

ಎರಡು ವರ್ಷದ ಹಿಂದೆ ಫಾದರ್‌ಗೆ ಮರೆವು ಶುರುವಾಯಿತು. ಪೂಜೆಯ ನಡುವೆ ನಿಂತು, ಮುಂದೇನು ಎಂದು ಜನರನ್ನೇ ಕೇಳಿದರು. ಅಡಿಲೇಡ್‌ನಲ್ಲಿದ್ದ ಅವರ ತಂಗಿ ಬಂದು ತನ್ನ ಮನೆ ಹತ್ತಿರದ ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋದರು. ಕನಕ ಚರಿತ್ರೆಯ ಒಂದು ಪ್ರತಿಯನ್ನು ಕಾಸ್ಟ್ರೀಸ್‌ನ ಚರ್ಚ್ ಕಚೇರಿಗೆ ಅಂಚೆಯಲ್ಲಿ ಕಳಿಸಿದಳು, ಅಲ್ಲಿಂದ ನಾಲ್ಕು ಸಾಲಿನ ಚಂದದ ಕಾಗದವೂ ಬಂತು. ಮುಂದೆ ಥಾರ್ನ್ಲಿಯ ಆ ಪ್ಯಾರಿಷನ್ನು ಪಕ್ಕದ್ದರ ಜೊತೆ ಸೇರಿಸಿದರು. ಆಫೀಸು ಮುಚ್ಚಿತು. ಪುಸ್ತಕಗಳೆಲ್ಲ ದಾಖಲೆ ಇಡುವ ಕಚೇರಿಗೆ ಹೋದವು. ಕನಕ ಮನೆಯಲ್ಲಿ ಕೂತಳು.

ಮೂರನೇ ತಿಂಗಳು ಆ ಕಚೇರಿಯಿಂದ ಇಮೇಲ್ ಬಂತು. ಎರಡು ಸಾವಿರದ ಆರರ ಜ್ಞಾನಸ್ನಾನದ ಪುಸ್ತಕದ ಮೊದಲ ಪುಟದಲ್ಲಿ ಹಳದಿ ಮತ್ತು ಕೆಂಪು ಕಲೆಗಳಿವೆ, ಬೂಷ್ಟು ಇರಬಹುದು, ಬೇರೆ ಪುಸ್ತಕಗಳಿಗೆ ಹರಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಪ್ರತ್ಯೇಕವಾಗಿ ಇಟ್ಟಿದ್ದೇವೆ, ಆಫೀಸಿನಲ್ಲಿ ತೇವವಿತ್ತೇ ಎಂದು ಕೇಳಿದ್ದರು. ಕನಕ ನನಗೆ ಫೋನು ಮಾಡಿದಳು. ಅಷ್ಟರಲ್ಲಿ ನಾವು ಒಳ್ಳೆ ಸ್ನೇಹಿತೆಯರಾಗಿದ್ದೆವು. ನಾನು ಮೋರ್ಲಿಯ ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಕ್ಯಾನಿಂಗ್ ವೇಲ್‌ನ ಮನೆಯಲ್ಲಿ ಟೊಮೇಟೊ ಬೆಳೆಯುತ್ತಿದ್ದೆ. ಕಾರು ತೆಗೆದುಕೊಂಡು ಹೋದೆ. ಅವಳು ಎಲ್ಲ ಹೇಳಿದಳು. ನನಗೆ ನಗು ತಡೆಯಲಾಗಲಿಲ್ಲ.

"ಬೂಷ್ಟು ಅಂತಾನೇ ಹೇಳ್ಬಿಡು. ತೇವ ಇತ್ತು ಅಂತ ಒಂದು ಲೈನ್ ಬರಿ, ಮುಗೀತು," ಎಂದೆ.

"ಇಂದು, ನಗ್ಬೇಡ. ಆ ಪುಸ್ತಕದಲ್ಲಿ ಕೇಳ್ದೆ ಏನೂ ಇಡಬಾರ್ದು ಅಂತ ಹೇಳ್ಕೊಟ್ಟಿದ್ದು ಅವರು. ನಂಬಿ ಕೈಗೆ ಕೊಟ್ಟಿದ್ದು ಅವರು. ಅವರಿಗೆ ನನ್ನ ನೆನಪು ಪೂರ್ತಿ ಹೋಗೋಕೆ ಮುಂಚೆ ನಾನು ಹೇಳ್ಬೇಕು. ಅವರು ಪರವಾಗಿಲ್ಲ ಅಂದ್ರೆ ಮಾತ್ರ ನಂಗೆ ಪರವಾಗಿಲ್ಲ."

ನನ್ನ ನಗು ಅಲ್ಲೇ ನಿಂತಿತು. ತಿಪ್ಪೇಸ್ವಾಮಿ ಒಳಗಿನಿಂದ, "ಟಿಕೆಟ್ ನಾನೇ ಬುಕ್ ಮಾಡ್ತೀನಿ, ಹೋಗಿ ಬಾ," ಎಂದರು. ಆ ಮನುಷ್ಯ ಮಾತಾಡುವುದೇ ಅಪರೂಪ.

ಅಡಿಲೇಡ್‌ನಲ್ಲಿ ಫಾದರ್ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಕನಕಳನ್ನು ನೋಡಿದ ಕೂಡಲೇ ಗುರುತು ಹಿಡಿದು, ಕಾಫಿ ತಂದೆಯಾ ಎಂದರು. ತಂದಿದ್ದಳು. ಕುಡಿದ ಮೇಲೆ ಅವಳು ಇಮೇಲಿನಿಂದ ಶುರುಮಾಡಿ ಅಪ್ಪನ ಅಂಗಡಿಯವರೆಗೂ ಹೇಳಿದಳು. ಅವಳು ಅವರ ಬೈಗುಳಕ್ಕೆ ಸಿದ್ಧಳಾಗಿದ್ದಳು, ನಗುವಿಗೂ ಸಿದ್ಧಳಾಗಿದ್ದಳು. ಅವರು ಎರಡನ್ನೂ ಮಾಡಲಿಲ್ಲ.

"ಪ್ರತಿ ತಾಯಿ ಹತ್ರ ನೀನು ಮೂರು ಸಲ ಕೇಳ್ತಿದ್ದೆ. ಇದನ್ನ ಯಾರ ಹತ್ರಾನೂ ಕೇಳ್ಲಿಲ್ಲ," ಎಂದರು.

"ಇಲ್ಲ ಫಾದರ್."

"ನಮ್ಮ ಮುತ್ತಜ್ಜಿಗೂ ಹೀಗೇ ಮಾಡಿದ್ರು ಕನಕ. ಹಾಗೆ ಮಾಡಿದವರೂ ಒಳ್ಳೇದಕ್ಕೆ ಅಂತಾನೇ ಅಂದ್ಕೊಂಡಿದ್ರು."

ಅದಕ್ಕಿಂತ ಒಂದು ಏಟು ಹೊಡೆದಿದ್ದರೆ ಚೆನ್ನಾಗಿತ್ತು ಕಣೇ ಎಂದಳು ಕನಕ. ಹೊರಡುವಾಗ ಅವರು ಅವಳ ಕೈ ಹಿಡಿದು, ಮೊದಲ ಪುಟದಲ್ಲಿ ಆರು ಮನೆಗಳಿವೆ, ಹೋಗಿ ಕೇಳು, ಕೇಳಿಬಂದು ನನಗೆ ಹೇಳು, ಆಮೇಲೆ ನನ್ನ ಮಾತು ಎಂದರು. ತಂಗಿ ಬಾಗಿಲವರೆಗೆ ಬಂದು, ತಡಮಾಡಬೇಡ, ಇವರಿಗೆ ಒಳ್ಳೆಯ ದಿನಗಳು ಕಡಿಮೆಯಾಗುತ್ತಿವೆ ಎಂದರು.

ಪರ್ತ್‌ಗೆ ಬಂದವಳೇ ದಾಖಲೆ ಕಚೇರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಅಲ್ಲಿನ ಹೆಂಗಸು ಒಳ್ಳೆಯವಳು. ಬೂಷ್ಟಲ್ಲ ಎಂದು ತಿಳಿದು ನೆಮ್ಮದಿಯಾಯಿತು ಎಂದಳು. ಆರೂ ಮನೆಯವರಿಗೆ ಕನಕ ವಿಷಯ ತಿಳಿಸುವುದಾದರೆ ತನ್ನದೇನೂ ಅಡ್ಡಿಯಿಲ್ಲ ಎಂದಳು, ಪುಸ್ತಕದ ಜೊತೆ ಒಂದು ಟಿಪ್ಪಣಿ ಸೇರಿಸುವುದಾಗಿಯೂ ಹೇಳಿದಳು. ಐದು ಮನೆಗಳು ಪರ್ತ್‌ನಲ್ಲೇ ಇದ್ದವು. ನಾನು ಕಾರು ಓಡಿಸಿದೆ, ಕನಕ ಪಕ್ಕದಲ್ಲಿ ಕೂತು ಹೇಳಬೇಕಾದ್ದನ್ನು ಬಾಯಲ್ಲಿ ಉರುಹಚ್ಚುತ್ತಿದ್ದಳು.

ಮೊದಲ ಮನೆಯ ಐರಿಷ್ ಅಜ್ಜಿ ಎಲ್ಲ ಕೇಳಿ, ಇಷ್ಟೇನಾ, ನಾನು ಯಾರೋ ಸತ್ತರು ಅಂದುಕೊಂಡೆ ಎಂದು ಕೇಕು ಕೊಟ್ಟಳು. ಕೇರಳದ ನರ್ಸ್ ಒಬ್ಬಳು ಬಿದ್ದುಬಿದ್ದು ನಕ್ಕಳು. ಇನ್ನೆರಡು ಮನೆಯವರಿಗೆ ವಿಷಯ ಅರ್ಥ ಮಾಡಿಸುವುದೇ ಕಷ್ಟವಾಯಿತು, ಅರ್ಥವಾದ ಮೇಲೆ ಪರವಾಗಿಲ್ಲ ಎಂದರು. ಐದನೆಯ ಮನೆಯಲ್ಲಿ ಬಾಗಿಲು ತೆರೆದ ತಂದೆ ನಮ್ಮನ್ನು ಒಳಗೆ ಕರೆಯಲಿಲ್ಲ. ಪೂರ್ತಿ ಕೇಳಿ, ನಿನಗೆ ಆ ಹಕ್ಕಿರಲಿಲ್ಲ ಎಂದರು. ನನಗೆ ಮೈ ಉರಿಯಿತು. ಹದಿನೆಂಟು ವರ್ಷದ ಹಿಂದಿನ ಒಂದು ಚಿಟಿಕೆ ಕುಂಕುಮಕ್ಕೆ ಇಷ್ಟು ಬಿಗುಮಾನವೇ ಎಂದು ಬಾಯಿ ತೆರೆಯುವಷ್ಟರಲ್ಲಿ ಕನಕ ನನ್ನ ಕಾಲು ತುಳಿದಳು.

"ಇರಲಿಲ್ಲ. ನಿಮ್ಮ ಮಾತು ಸರಿ. ನೀವು ಒಪ್ಪಲಿಲ್ಲ ಅನ್ನೋದನ್ನ ಆ ಟಿಪ್ಪಣಿಯಲ್ಲಿ ಸೇರಿಸೋಕೆ ಹೇಳ್ತೀನಿ," ಎಂದಳು.

ಆತ ತಲೆಯಾಡಿಸಿ ಬಾಗಿಲು ಹಾಕಿಕೊಂಡರು. ಕಾರಿನಲ್ಲಿ ನಾನು ಆತನನ್ನು ಬೈದೆ. ಕನಕ ಸೀಟ್‌ಬೆಲ್ಟು ಹಾಕಿಕೊಂಡಳು. ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ ನನಗೇ ಅನ್ನಿಸಿತು, ನಮ್ಮ ಮನೆಯ ಪುಸ್ತಕಕ್ಕೆ ಯಾರಾದರೂ ಕೇಳದೆ ಶಿಲುಬೆ ಬರೆದಿದ್ದರೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಮೊದಲು ಕೂಗಾಡುತ್ತಿದ್ದವಳು ನಾನೇ.

ಆರನೆಯ ಮನೆಯ ಹೆಸರು ಬಂದಾಗಲೆಲ್ಲ ಕನಕ ಮಾತು ತಪ್ಪಿಸುತ್ತಿದ್ದಳು. ಕೊನೆಗೆ ನಾನು ಪಟ್ಟುಹಿಡಿದಾಗ ಹೇಳಿದಳು. ಮಗುವಿನ ಹೆಸರು ಬಿಯಾಂಕಾ. ತಾಯಿ ಮಾರಿಸೆಲ್, ಫಿಲಿಪೈನ್ಸ್‌ನವಳು. ಜ್ಞಾನಸ್ನಾನದ ಪುಸ್ತಕದ ಮೊದಲ ಪುಟದಲ್ಲಿ ಬರೆದ ಆ ಹೆಸರನ್ನು ನಾಲ್ಕು ವರ್ಷದ ಮೇಲೆ ಸಾವಿನ ಪುಸ್ತಕದಲ್ಲಿ ಬರೆದವಳೂ ಕನಕಳೇ. ಕಾಯಿಲೆ ಹುಟ್ಟಿನಿಂದಲೇ ಇತ್ತು ಎಂದು ಡಾಕ್ಟರು ಹೇಳಿದ್ದರು. ಆದರೂ ಕನಕಳ ಎದೆಯಲ್ಲಿ ಒಂದು ಮುಳ್ಳು ಕೂತಿತ್ತು. ಅಪ್ಪ ಸತ್ತ ಸೂತಕದ ಹನ್ನೊಂದು ದಿನ ಕಳೆಯುವ ಮೊದಲೇ ತಾನು ಅದನ್ನು ಹಚ್ಚಿದ್ದೆ ಎಂಬುದು. ಸೂತಕದಲ್ಲಿ ಕುಂಕುಮದ ಭರಣಿಯನ್ನೇ ಮುಟ್ಟಬಾರದಿತ್ತು. ಇದನ್ನು ಅವಳು ಫಾದರ್‌ಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ.

ಮಾರಿಸೆಲ್ ಈಗ ಬ್ರಿಸ್ಬೇನ್‌ನಲ್ಲಿದ್ದಳು. ನಿವೇದಿತಾ ಕೂಡ ಮದುವೆಯಾಗಿ ಅಲ್ಲೇ ಇದ್ದಾಳೆ. ಮಗಳೇ ತಾಯಿಯನ್ನು ಕಾರಿನಲ್ಲಿ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ, "ಅಮ್ಮಾ, ಯು ಡೋಂಟ್ ಹ್ಯಾವ್ ಟು ಡೂ ದಿಸ್," ಎನ್ನುತ್ತಿದ್ದಳಂತೆ.

"ಮಾಡ್ಬೇಕು ಮರಿ," ಎಂದಳಂತೆ ಇವಳು.

ಮಾರಿಸೆಲ್ ಒಂದು ಶಾಲೆಯ ಕ್ಯಾಂಟೀನಿನಲ್ಲಿ ಅಡಿಗೆ ಕೆಲಸ ಮಾಡುತ್ತಿದ್ದಳು. ಹಿಂದಿನ ಅಂಗಳದಲ್ಲಿ ಮೂವರೂ ಕೂತರು. ಕನಕ ಎಲ್ಲ ಹೇಳಿದಳು, ಸೂತಕದ ವಿಷಯವನ್ನೂ ಬಿಡದೆ ಹೇಳಿದಳು. ನಿವೇದಿತಾ ಅಮ್ಮನ ಮುಖ ನೋಡುತ್ತಲೇ ಇದ್ದಳಂತೆ, ಅವಳಿಗೂ ಇದು ಹೊಸದು. ಮಾರಿಸೆಲ್ ಮೇಜಿನ ಮೇಲಿನ ಎಲೆಗಳನ್ನು ಕೈಯಲ್ಲಿ ಒತ್ತಟ್ಟಿಗೆ ಮಾಡಿದಳು.

"ಅದನ್ನ ಹಚ್ಚೋದು ಒಳ್ಳೇದಾಗ್ಲಿ ಅಂತ ತಾನೆ?" ಎಂದು ಕೇಳಿದಳು.

"ಹೌದು."

"ನಾಲ್ಕು ವರ್ಷ ಇದ್ಲು. ಇದ್ದಷ್ಟು ದಿನ ತುಂಬಾ ಚೆನ್ನಾಗಿದ್ಲು, ನಿಮಗೂ ನೆನಪಿರಬೇಕಲ್ಲ. ಭಾನುವಾರ ನಿಮ್ಮ ಆಫೀಸಿಗೆ ಓಡಿಬಂದು ಸ್ಟೇಪ್ಲರ್ ಎತ್ಕೊಂಡು ಹೋಗ್ತಿದ್ಲು."

ಕನಕಳಿಗೆ ನೆನಪಿತ್ತು. ಅಲ್ಲಿ ಕೂತು ಅತ್ತಳು. ಮಗುವಿನ ಹೆಸರನ್ನು ತಾನಲ್ಲದೆ ಬೇರೊಬ್ಬರು ಇಷ್ಟು ವರ್ಷ ಹೊತ್ತು ತಿರುಗಿದ್ದಾರೆಂದು ಗೊತ್ತಿರಲಿಲ್ಲ ಎಂದಳು ಮಾರಿಸೆಲ್, ಅವಳೂ ಅತ್ತಳು. ಹೊರಡುವಾಗ ಒಂದು ಡಬ್ಬಿಯ ತುಂಬ ಅಕ್ಕಿಯ ಸಿಹಿ ತಿಂಡಿ ಕೊಟ್ಟಳು.

ಅಲ್ಲಿಂದ ಕನಕ ನೇರ ಅಡಿಲೇಡ್‌ಗೆ ಹೋದಳು. ಮೊದಲ ಸಲ ಹೋಗಿ ಬಂದು ಹದಿನಾಲ್ಕು ವಾರಗಳಾಗಿದ್ದವು. ಅದರ ನಡುವೆ ಫಾದರ್ ಒಮ್ಮೆ ಬಿದ್ದು ಆಸ್ಪತ್ರೆಗೆ ಹೋಗಿಬಂದಿದ್ದರು. ಕುರ್ಚಿ ಅದೇ, ಕಿಟಕಿ ಅದೇ. ಇವಳು ಒಳಗೆ ಹೋದಾಗ ಅವರು ಸೌಜನ್ಯದಿಂದ ನಕ್ಕು, ಕೂತ್ಕೊಳ್ಳಿ, ನೀವು ಯಾವ ಪ್ಯಾರಿಷ್‌ನಿಂದ ಬಂದವರು ಎಂದು ಕೇಳಿದರು. ಹೊಸಬರನ್ನು ಮಾತಾಡಿಸುವ ದನಿ. ಕನಕ ತನ್ನ ಹೆಸರು ಹೇಳಿದಳು, ಥಾರ್ನ್ಲಿ ಎಂದಳು, ಮಂಗಳವಾರಗಳನ್ನು ಹೇಳಿದಳು, ಡೆನರಿ ಎಂದಳು. ಡೆನರಿ ಎಂದಾಗ ಅವರ ಕಣ್ಣು ಅರಳಿತು, ಅವಳ ಕಡೆ ತಿರುಗಿದಾಗ ಮತ್ತೆ ಆರಿತು. ತಂಗಿ ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸಿದರು.

ತಡವಾಗಿತ್ತು. ಯಾರ ಒಂದು ಮಾತಿಗಾಗಿ ಮೂರು ಊರು ಸುತ್ತಿದ್ದಳೋ ಅವರು ಅಲ್ಲಿ ಇರಲಿಲ್ಲ. ಎದ್ದು ಬಂದುಬಿಡೋಣ ಅನ್ನಿಸಿತು ಎಂದಳು. ಆದರೆ ಕೇಳಿಬಂದು ಹೇಳು ಎಂದಿದ್ದರಲ್ಲ, ಹೇಳಿಯೇ ಹೋಗುತ್ತೇನೆ ಎಂದುಕೊಂಡು ಕುರ್ಚಿ ಹತ್ತಿರ ಎಳೆದಳು. ಆರು ಮನೆಗಳ ಕತೆಯನ್ನೂ ಹೇಳಿದಳು. ಬಾಗಿಲು ಹಾಕಿಕೊಂಡ ತಂದೆ, ಬಿಯಾಂಕಾ, ಸೂತಕ, ಹದಿನೆಂಟು ವರ್ಷ ಬಾಯಿ ಬಿಡದೆ ಇದ್ದದ್ದು, ಒಂದನ್ನೂ ಉಳಿಸಲಿಲ್ಲ.

ಹೇಳುತ್ತ ಹೇಳುತ್ತ ಅವರು ಕೂತ ಭಂಗಿ ಬದಲಾದದ್ದನ್ನು ಗಮನಿಸಿದಳು. ಬೆನ್ನು ನೆಟ್ಟಗಾಗಿತ್ತು. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕಿವಿಯನ್ನು ಅವಳ ಕಡೆ ಕೊಟ್ಟು, ಕಣ್ಣು ಮುಚ್ಚಿಕೊಂಡಿದ್ದರು. ಶನಿವಾರದ ಸಂಜೆಗಳಲ್ಲಿ ಚರ್ಚಿನ ಪುಟ್ಟ ಕೋಣೆಯೊಳಗೆ ಅವರು ಹೀಗೆ ಕೂರುತ್ತಿದ್ದುದು ಅವಳಿಗೆ ಗೊತ್ತು. ಹೊರಗಿನ ಬೆಂಚಿನ ಮೇಲೆ ಪಾಪನಿವೇದನೆಗೆ, ಅಂದರೆ ಗುರುಗಳ ಕಿವಿಯಲ್ಲಿ ತಪ್ಪು ಒಪ್ಪಿಕೊಂಡು ಕ್ಷಮೆ ಪಡೆಯಲು ಕಾದವರ ಸಾಲನ್ನು ನೋಡಿಕೊಳ್ಳುವುದು ಅವಳ ಕೆಲಸವಾಗಿತ್ತು. ಆ ಬಾಗಿಲೊಳಗೆ ಅವಳು ಹೋದದ್ದಿಲ್ಲ, ಜ್ಞಾನಸ್ನಾನ ಆಗದವರು ಹೋಗುವ ಹಾಗೂ ಇರಲಿಲ್ಲ. ನಿಯಮಗಳೆಲ್ಲ ಅವಳಿಗೆ ಅವರಿಗಿಂತ ಚೆನ್ನಾಗಿ ಗೊತ್ತಿದ್ದವು.

ಅವಳ ಮಾತು ಮುಗಿದಾಗ ಫಾದರ್ ಕ್ಷಮೆ ಕೊಡಲು ಬಲಗೈ ಎತ್ತಿದರು.

"ಫಾದರ್, ತಡೀರಿ. ನಾನು ಕ್ರಿಶ್ಚಿಯನ್ ಅಲ್ಲ."

ಅವರು ಕೈಯನ್ನು ಹಾಗೇ ಹಿಡಿದು ಸ್ವಲ್ಪ ಯೋಚಿಸಿದರು.

"ಅದೇನೂ ಪಾಪ ಅಲ್ಲಮ್ಮ. ಇನ್ನೇನಾದ್ರೂ ಇದ್ಯಾ?"

"ಇಲ್ಲ ಫಾದರ್," ಎಂದಳು. ಅವರು ಕ್ಷಮೆಯ ಪ್ರಾರ್ಥನೆಯನ್ನು ಒಂದು ಪದವೂ ಮರೆಯದೆ ಕೊನೆಯವರೆಗೆ ಹೇಳಿದರು.